ಹಳ್ಳದ ಪೂಲೂ ನನ್ನ ಮಾನವೂ

ವಿರೋಧ ಪಕ್ಷದ ಬಾಕಿನ ಮ್ಯಾಲ ಕುಂತವನ ಮಾನ ಒಮ್ಮೆಲೇ ಹೋಗಂಗಿಲ್ಲ, ದಿನಾ ಚೂರು ಚೂರು ಹೋಗತೈತಿ. ನಂದು ಹುಕ್ಕೇರಿಯೊಳಗ ಸುರುವಾತು, ಮೂಡಲಗಿಯೊಳಗ ಬಯಲಾತು, ಮುಂಬೈದಾಗ ಪೂರಾ ಮುಗೀತು. ಬ್ರಿಟಿಷರ ಕಾಲದಾಗ ಮುಂಬೈ ಶಾಸನಸಭೆಗೆ ನಾ ಆರಿಸಿ ಹೋಗಿದ್ದೆ. ಗೋಕಾಕದಾಗ ಬೆಲ್ಲದ ಅಂಗಡಿ ಇಟ್ಟವ, ಕಲತದ್ದು ಕನ್ನಡ ಸಾಲಿ ಮುಲ್ಕಿ ಪರೀಕ್ಷಾ ತನಕ. ನಾಕ ಮಂದಿ ಹುರದುಂಬಿಸಿದ್ರು, ನಿಂತೆ.

ನಾ ಕೊಟ್ಟ ವಚನ ಒಂದ. ಮತ ಕೇಳಾಕ ಕೌಜಲಗಿ ಕಡೆ ಹೊಂಟಾಗ ಒಬ್ಬಾಕಿ ಸೂಲಗಿತ್ತಿ ಮುದುಕಿ ಹಳ್ಳದ ದಂಡ್ಯಾಗ ನನ್ನ ಬಂಡಿ ತರುಬಿದ್ಲು. "ಸಾವಕಾರ್ರ, ಹೋದ ಮಳಿಗಾಲದಾಗ ನನ್ನ ಮಗಳು ಆಚೆ ದಂಡ್ಯಾಗ ಬ್ಯಾನಿ ತಿಂದ್ಲು. ನಾ ಈಚೆ ಕುಂತು ನೀರು ಇಳೀಲಿ ಅಂತ ಕಾದೆ. ಕೂಸು ದಕ್ಕಲಿಲ್ಲ. ಹಳ್ಳ ದಾಟಾಕ ಇಲ್ಲೊಂದು ಪೂಲು ಕಟ್ಟಸ್ರಿ." ಅಕಿ ಕೈ ಮುಟ್ಟಿ ಆಣಿ ಮಾಡಿದೆ. ಆ ಆಣಿ ನೆನಸಿಕೊಂಡ್ರ ಈಗೂ ಮಾರಿ ಮುಚ್ಚಿಕೊಳ್ಳೂ ಹಂಗ ಆಗತೈತಿ.

೧. ಹುಕ್ಕೇರಿಯ ಅತ್ತಿ

ಆರಿಸಿ ಬಂದ ಮ್ಯಾಲ ಮತ ಹಾಕಿದವರಿಗೆ ಶರಣು ಹೇಳಾಕ ಹುಕ್ಕೇರಿಗೆ ಹೋದೆ. ಒಂದು ಮನ್ಯಾಗ ಯಜಮಾನ ಮಜ್ಜಿಗಿ ಕೊಟ್ಟು ಕುಂಡ್ರಿಸಿದ. ಅವನ ಹೆಂಡತಿ ಬಾಗಲಾಗ ನಿಂತು ಕೇಳಿದ್ಲು, "ಅಣ್ಣಾರ, ಇನ್ನ ಸರಕಾರ ನಡಸೂದು ನೀವೇನ್ರಿ?"

"ಇಲ್ಲ ತಂಗಿ, ನಾವು ವಿರೋಧ ಪಕ್ಷದವ್ರು. ಅವರು ಏನರ ಮಾಡಾಕ ಹ್ವಾದ್ರ ನಾವು ಬ್ಯಾಡ ಅನ್ನೂದು."

"ಚಲೋದು ಮಾಡಾಕ ಹ್ವಾದ್ರ?"

"ಆಗನೂ ಏನರ ಒಂದು ತಪ್ಪು ಹುಡುಕೂದು."

"ಅದಕ್ಕ ಮುಂಬೈ ತನಕ ಯಾಕ ಹೋಗಬೇಕ್ರಿ? ನಮ್ಮತ್ತಿ ಇಲ್ಲೇ ಒಲಿ ಮುಂದ ಕುಂತು ಮಾಡತಾರ."

ಒಳಗಿಂದ ಅತ್ತಿ ದನಿ ಬಂತು: "ಯಾರಂದ್ರು? ನಾ ಒಪ್ಪಂಗಿಲ್ಲ ಅದನ್ನ."

೨. ಮೂಡಲಗಿಯ ಹಾರ

ಮೊದಲನೇ ಅಧಿವೇಶನ ಮುಗಿಸಿ ಬಂದಾಗ ಮೂಡಲಗಿಯವರು ಸಭಾ ಮಾಡಿ ಹಾರ ಹಾಕಿದ್ರು. ಕೊಳ್ಳಾಗ ಹಾರ ಬಿದ್ದರ ನನ್ನ ನಾಲಿಗಿ ಸಡಲಾಗತೈತಿ. "ಮಂತ್ರಿಗಳ ಬೆವರು ಇಳಿಸೇನಿ. ಪೂಲಿನ ಸಲುವಾಗಿ ಗುಡುಗೇನಿ" ಅಂತ ಬಿಟ್ಟೆ. ಖರೆ ಅಂದ್ರ ಅಲ್ಲಿ ನಡಿಯೂದೆಲ್ಲಾ ಇಂಗ್ಲೀಷಿನ್ಯಾಗ. ಕನ್ನಡದಾಗ ಎದ್ದು ಮಾತಾಡಿದ್ರ ಎಲ್ಲಿ ನಗತಾರೋ ಅಂತ ಅಂಜಿ, ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ದೆ.

ಮುಂದಿನ ಸಾಲಿನ್ಯಾಗ ಸಾಲಿ ಮಾಸ್ತರರು ಎದ್ದು ನಿಂತ್ರು. ಶಾಸನಸಭೆಯ ಅಚ್ಚಾದ ವರದಿ ತರಿಸಿ ಓದೂ ಚಟ ಅವರಿಗೆ. "ಸಾವಕಾರ್ರ ಮಾತು ಇದರಾಗ ಒಂದ ಕಡೆ ಐತ್ರಿ. ಕನ್ನಡದಾಗ ಹೇಳ್ತೇನಿ ಕೇಳ್ರಿ" ಅಂದವರ ಓದಿದ್ರು: "ಗಾಳಿ ಭಾಳ ಬರಾಕತ್ತೇತಿ, ಆ ಕಿಟಕಿ ಮುಚ್ಚಸ್ರಿ."

ಮಂದಿ ಬಿದ್ದು ಬಿದ್ದು ನಕ್ಕಿತು. ಪೂಲಿನ ಸುದ್ದಿ ಕೇಳಾಕಂತ ಕೌಜಲಗಿಯಿಂದ ಸೂಲಗಿತ್ತಿ ಮುದುಕಿ ಬಂದಿದ್ಲು. ಅಕಿ ಒಬ್ಬಾಕಿ ನಗಲಿಲ್ಲ, ನನ್ನ ಕಡೆ ನೋಡಿದ್ಲು ಅಷ್ಟ. ನೆಲ ಬಾಯಿ ಬಿಟ್ಟಿದ್ರ ಹಾರದ ಸಮೇತ ಇಳಿದು ಹೋಗತಿದ್ದೆ.

"ಕಡೀಕ ಕಿಟಕಿ ಮುಚ್ಚಿದ್ರೇನ್ರಿ?" ಮಾಸ್ತರರು ಬಿಡವಲ್ಲರು.

"ಇಲ್ರಿ," ಅಂದೆ. "ಸರಕಾರದ ಕಡೆಯವರಿಗೆ ಸೆಕಿ ಆಗತಿತ್ತು."

೩. ಚಸ್ಮಾ

ಆವತ್ತಿನಿಂದ ನಿದ್ದಿ ಹತ್ತಲಿಲ್ಲ. ಪೂಲಿನ ಸಲುವಾಗಿ ಮಂತ್ರಿಗಳಿಗೆ ಅರ್ಜಿ ಮ್ಯಾಲ ಅರ್ಜಿ ಬರದೆ. ಒಂದಕ್ಕೂ ಜವಾಬು ಬರಲಿಲ್ಲ. ಎರಡು ಮಳಿಗಾಲ ಹಂಗ ಹ್ವಾದವು.

ಇಂಗ್ಲೀಷ್ ಬಾರದ ನನಗ ನಮ್ಮ ಪಕ್ಷದ ಮುಖಂಡರು ಒಂದು ಉಪಾಯ ಹೇಳಿಕೊಟ್ಟಿದ್ರು. ಠರಾವು ಮತಕ್ಕ ಬಂದಾಗ ಅವರು ಚಸ್ಮಾ ತಗದ್ರ ನಾ "ನೋ" ಅನ್ನಬೇಕು. ಚಸ್ಮಾ ಮೂಗಿನ ಮ್ಯಾಲ ಇದ್ರ ಸುಮ್ಮನಿರಬೇಕು. ಅದನ್ನ ನಾ ಎಂದೂ ತಪ್ಪಿಸಿದವನಲ್ಲ.

ಒಂದಿನ ಭಾಳ ಸೆಕಿ. ಮಂತ್ರಿ ಒಂದು ಉದ್ದನ ಯಾದಿ ಓದಿದ್ರು. ಸಭಾಪತಿ ಮತಕ್ಕ ಹಾಕಿದ್ರು. ಅದ ಹೊತ್ತಿಗೆ ನಮ್ಮ ಮುಖಂಡರು ಚಸ್ಮಾ ತಗದ್ರು. ನಾ ಎದಿ ಉಬ್ಬಿಸಿ "ನೋ" ಅಂದೆ. ಬಾಜೂದವ್ರು ಯಾರೂ ಅನ್ನಲಿಲ್ಲ. ಇವರಿಗೆ ಧೈರ್ಯ ಸಾಲದು ಅಂತ ತಿಳದು ಎದ್ದು ನಿಂತು ಮತ್ತೊಮ್ಮೆ ಅಂದೆ.

ಸಭಾಕ್ಕ ಸಭಾ ನಕ್ಕಿತು. ಮುಖಂಡರು ನನ್ನ ಅಂಗಿ ಜಗ್ಗಿ ಕುಂಡ್ರಿಸಿದ್ರು. "ಬೆವರು ಒರಸಾಕ ತಗದೆ, ಮಾರಾಯ್ರ. ಆ ಯಾದ್ಯಾಗ ನಿಮ್ಮ ಹಳ್ಳದ ಪೂಲು ಐತಿ."

ಠರಾವು ಪಾಸಾತು. ಇಡೀ ಸಭಾದಾಗ ಅದನ್ನ ಬ್ಯಾಡ ಅಂದವ ನಾ ಒಬ್ಬನ.

೪. ಹಳ್ಳದ ದಂಡಿ

ಪೂಲಿಗೆ ಕಲ್ಲು ಇಡೂ ದಿನ ಹಲಗಿ ಬಾರಿಸಿ ನನ್ನ ಕರಕೊಂಡು ಹ್ವಾದ್ರು. ನಾ ಬ್ಯಾಡ ಅಂದ ಸುದ್ದಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಮಾಸ್ತರರ ವರದಿ ಬಂದಿರಲಿಲ್ಲ. ಸೂಲಗಿತ್ತಿ ಮುದುಕಿ ತಾನಾಗಿ ಟೆಂಗಿನಕಾಯಿ ತಂದು ನನ್ನ ಕೈಯಾಗ ಇಟ್ಲು. "ನೀವ ಒಡೀರಿ ಸಾವಕಾರ್ರ. ಮೂಡಲಗಿಯೊಳಗ ನಾ ನಿಮ್ಮನ್ನ ತಪ್ಪು ತಿಳದಿದ್ದೆ. ಹೊಟ್ಟ್ಯಾಗ ಹಾಕ್ಕೋರಿ."

ಅಕಿ ನನ್ನ ಕ್ಷಮಾ ಬೇಡಾಕತ್ತಿದ್ಲು. ಸುಮ್ಮನಿದ್ರ ನಡೀತಿತ್ತು ಖರೆ, ಆದರ ಅಕಿ ಮಾರಿ ನೋಡಿ ಸುಮ್ಮನಿರಾಕ ಆಗಲಿಲ್ಲ. ಎಲ್ಲಾರ ಮುಂದ ಹೇಳಿಬಿಟ್ಟೆ: "ಯವ್ವಾ, ಇದು ನನ್ನಿಂದ ಆಗಿಲ್ಲ. ಸರಕಾರದವ್ರು ತಾವ ಕೊಟ್ಟಾರ. ನಾ ಎದ್ದು ನಿಂತು ಬ್ಯಾಡ ಅಂದೇನಿ."

ಹಲಗಿ ನಿಂತವು. ಮುದುಕಿ ಒಂದೊಂದ ಕೇಳಾಕ ಹತ್ತಿದ್ಲು.

"ಬೇಕು ಅಂತ ಎಷ್ಟು ದಿನ ಕೇಳಿದ್ರಿ?"

"ಎರಡು ವರ್ಷ."

"ಕೊಡಲಿಲ್ಲ?"

"ಇಲ್ಲ ಯವ್ವಾ."

"ಬ್ಯಾಡ ಅಂದ್ರಿ, ಕೊಟ್ರು?"

ಮುದುಕಿ ನನ್ನ ಕೈಯಾಗಿನ ಕಾಯಿ ತಗೊಂಡು ತಾನ ಕಲ್ಲಿಗೆ ಒಡದ್ಲು, ಒಂದು ಹೋಳು ನನ್ನ ಕೈಯಾಗ ಇಟ್ಲು.

"ಹಂಗಾರ ನಾಚಬ್ಯಾಡ್ರಿ. ನಮ್ಮೂರಿಗೆ ಒಂದು ದವಾಖಾನಿ ಬೇಕಾಗೇತಿ. ಹೊಳ್ಳಿ ಮುಂಬೈಕ್ಕ ಹೋಗಿ, ಜೋರಲೇ ಬ್ಯಾಡ ಅಂದು ಬರ್ರಿ."