ಟಕ್ ಅನ್ನದ ಕ್ಯಾಮೆರಾ

ನಾನು ಜನರನ್ನು ನಗಿಸುವ ಮನುಷ್ಯನಲ್ಲ. ಮುಹೂರ್ತದ ದಿನ ಬೆಳಿಗ್ಗೆ ಗಂಟಲಲ್ಲಿ ತಿಂಡಿಯೂ ಇಳಿಯದಷ್ಟು ದಿಗಿಲು ಬೀಳುವ ಮದುವೆ ಫೋಟೊಗ್ರಾಫರ್. ಆದರೂ ನನ್ನ ಸುತ್ತ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ, ಅದೂ ನನ್ನ ಎದೆ ಡವಗುಟ್ಟುವ ಹೊತ್ತಿಗೇ ಸರಿಯಾಗಿ. ಹೊಸ ಕ್ಯಾಮೆರಾ ಕೊಂಡ ಮೇಲಂತೂ ಕೇಳಲೇಬೇಡಿ.

ಬೆಲ್ಟಿನ ಬಣ್ಣ

ಅರಸೀಕೆರೆಯಲ್ಲಿ ನನ್ನದೊಂದು ಸ್ಟುಡಿಯೋ, ರಸ್ತೆಯಾಚೆ ಇನ್ನೊಬ್ಬನದು. ಇಪ್ಪತ್ತು ವರ್ಷ ನನ್ನ ಕೊರಳಲ್ಲಿ ಹಳದಿ ಬೆಲ್ಟಿನ ಕ್ಯಾಮೆರಾ, ಅವನ ಕೊರಳಲ್ಲಿ ಕೆಂಪು ಬೆಲ್ಟಿನದು. ಕಂಪನಿಯ ಹೆಸರು ಯಾರಿಗೆ ಬೇಕು? ‘ಹಳದಿಯವರು’, ‘ಕೆಂಪಿನವರು’ ಅಂತಲೇ ಊರಿನ ಮಾತು. ಹಳದಿಯವನನ್ನು ಕರೆಸುವ ಮನೆಯವರು ಸತ್ತರೂ ಕೆಂಪಿನವನನ್ನು ಕರೆಯುವುದಿಲ್ಲ.

ಹೋದ ವರ್ಷ ನಾನು ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್ ಕೊಂಡೆ, ಅದೂ ಮೂರನೆಯ ಕಂಪನಿಯದು. ಹಳೆಯದರ ಹೊಟ್ಟೆಯಲ್ಲಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಗುಂಡಿ ಒತ್ತಿದರೆ ಅದು ಮೇಲೆದ್ದು ‘ಟಕ್’ ಅನ್ನುತ್ತದೆ. ಹೊಸದರಲ್ಲಿ ಕನ್ನಡಿ ಇಲ್ಲ. ಬೇಡವೆಂದರೆ ಸದ್ದೂ ಇಲ್ಲ. ಹಗುರ ಬೇರೆ. ಬೆಲ್ಟು ಮಾತ್ರ ಕಪ್ಪು.

ಮಾರನೆಯ ದಿನ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಕಿವಿಯ ಹತ್ತಿರ ಬಾಗಿ ಕೇಳಿದರು: “ಪಕ್ಷ ಬಿಟ್ರಂತೆ? ಟಿಕೆಟ್ ಕೊಡ್ಲಿಲ್ವಾ?”

ಕನ್ನಡಿ ಕಳೆದುಕೊಂಡವನು

ಎದುರಂಗಡಿಯವನು ಸುಮ್ಮನಿರುತ್ತಾನೆಯೇ? “ಅವನ ಹತ್ರ ಈಗ ಕನ್ನಡಿ ಇಲ್ಲ ಕಣ್ರೀ” ಅಂತ ಬಂದವರಿಗೆಲ್ಲ ಹೇಳತೊಡಗಿದ. ಸುಳ್ಳೇನಲ್ಲ. ಆದರೆ ಪಾಸ್‌ಪೋರ್ಟ್ ಫೋಟೊಗೆ ಬರುವವರಿಗೆ ಕನ್ನಡಿ ಅಂದರೆ ನನ್ನ ಗೋಡೆಯ ಮೇಲಿನದು, ತಲೆ ಬಾಚಿ ಪೌಡರ್ ಹಚ್ಚಿಕೊಳ್ಳುವುದು. ಒಂದು ವಾರ ಸ್ಟುಡಿಯೋಕ್ಕೆ ನರಪಿಳ್ಳೆ ಬರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎಂಟನೆಯ ದಿನ ಕಣಕಟ್ಟೆ ಕಡೆಯ ಹೆಂಗಸೊಬ್ಬರು ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಬಂದರು. ಬಿಚ್ಚಿದರೆ, ಮನೆಯ ಗೋಡೆಯಿಂದ ಕಿತ್ತು ತಂದ ಕನ್ನಡಿ!

“ನಿಮ್ದು ಹೋಯ್ತಂತಲ್ಲಣ್ಣ, ಅದ್ಕೇ ನಮ್ಮನೇದೇ ತಂದೀನಿ. ಬಸ್ನಾಗೆ ಒಡೆದೋಯ್ತದೆ ಅಂತ ಇದನ್ನ ಸೀಟಲ್ಲಿ ಕೂರ್ಸಿ, ನಾನು ನಿಂತ್ಕಂಡೇ ಬಂದೆ.”

ನಾನು ಗೋಡೆಯ ಕಡೆ ಕೈ ತೋರಿಸಿದೆ. ಆಕೆ ತಿರುಗಿ ನೋಡಿ, “ಅಯ್ಯೋ ಶಿವನೇ, ಸಿಕ್ಬುಡ್ತಾ!” ಅಂದರು.

ಹಳೇಬೀಡಿನ ಹತ್ತು ನಿಮಿಷ

ಅದೇ ವಾರ ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ಮಗಳ ಮದುವೆ.

“ಇವ್ರೇ, ನೂರು ಫೋಟೊ ತೆಗೀರಿ, ಬಿಡಿ, ನಂಗೆ ಬೇಕಾಗಿರೋದು ಒಂದೇ. ನಮ್ಮಪ್ಪನ ಜೊತೆ ನಾವೈದು ಜನ ಅಣ್ಣತಮ್ಮಂದಿರು ನಿಂತಿರೋದು. ಇವತ್ತಿನವರೆಗೆ ಅಂಥದ್ದೊಂದು ಮನೇಲಿಲ್ಲ. ನಮ್ಮಲ್ಲಿಬ್ಬರಿಗೆ ಮಾತಿಲ್ಲ, ನಿಮಗೇ ಗೊತ್ತು. ಒಂದು ನಿಮಿಷ ಅಂತ ಒಪ್ಸಿದೀನಿ. ಅಪ್ಪನಿಗೆ ಎಂಬತ್ತೆಂಟು. ಆ ಕನ್ನಡಿ ಇಲ್ಲದ್ದು ಕೈ ಕೊಡಲ್ಲ ತಾನೆ?”

“ಖಂಡಿತ ಇಲ್ಲ” ಅಂದೆ.

ಮದುವೆಗೆ ಮೊದಲು ಹುಡುಗ ಹುಡುಗಿಯ ಫೋಟೊ ತೆಗೆಯಲು ಬೇಲೂರಿಗೆ ಕರೆದುಕೊಂಡು ಹೋದೆ. ದೇವಸ್ಥಾನದಲ್ಲಿ ದರ್ಪಣ ಸುಂದರಿಯನ್ನು ತೋರಿಸುತ್ತಿದ್ದ ಗೈಡು ನನ್ನ ಕ್ಯಾಮೆರಾ ನೋಡಿ, “ಹೊಯ್ಸಳರ ಕಾಲದಿಂದ ಈಯಮ್ಮ ಕನ್ನಡಿ ಕೆಳಗಿಟ್ಟಿಲ್ಲ, ನೀವು ಇಟ್ಬಿಟ್ರಲ್ಲ ಸಾರ್!” ಅಂದ. ಊರು ಬಿಟ್ಟು ಬಂದರೂ ಅದೇ ಮಾತು.

ಮಧ್ಯಾಹ್ನ ಹಳೇಬೀಡಿನ ಕೆರೆ ಏರಿಯ ಮೇಲೆ ನಿಲ್ಲಿಸಿದೆ. ಹುಡುಗಿ ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದಳು. ಹುಡುಗ ಅವಳ ಸೀರೆಯ ಬಗ್ಗೆ ಏನೋ ಅಂದಿದ್ದನಂತೆ. ಅಂತೂ ಅವನು ಕಾಡಿ ಬೇಡಿ ನಗಿಸಿದ. ಅವಳು ನಕ್ಕಳು, ನನ್ನ ಬ್ಯಾಟರಿ ಸತ್ತಿತು. ಹಳೆಯ ಕ್ಯಾಮೆರಾ ಆಗಿದ್ದರೆ ದಿನವಿಡೀ ಒಂದೇ ಬ್ಯಾಟರಿ ಸಾಕಿತ್ತು. ಇದರಲ್ಲಿ ಕಣ್ಣಿಟ್ಟು ನೋಡುವ ಕಿಂಡಿಗೂ ಕರೆಂಟು ಬೇಕು. ಇನ್ನೊಂದು ಬ್ಯಾಟರಿ ಕಾರಿನಲ್ಲಿ ಚಾರ್ಜಿಗೆ ಹಾಕಿದ್ದೆ, ಕಾರು ತಗೊಂಡು ಡ್ರೈವರ್ ಊಟಕ್ಕೆ ಹೋಗಿದ್ದ.

ಬ್ಯಾಟರಿ ಹೋಯಿತು ಅಂದರೆ ಸಂಜೆಯೊಳಗೆ ಕೊಬ್ಬರಿ ವ್ಯಾಪಾರಿಗಳ ಕಿವಿಗೆ ಬೀಳುತ್ತದೆ. ಹೇಗೂ ಸದ್ದಿಲ್ಲದ ಕ್ಯಾಮೆರಾ, ಸತ್ತಿದ್ದರೆ ಯಾರಿಗೆ ಗೊತ್ತು? ಹತ್ತು ನಿಮಿಷ ಅದನ್ನೇ ಕಣ್ಣಿಗೊತ್ತಿಕೊಂಡು, “ಸೂಪರ್! ಸ್ವಲ್ಪ ಈ ಕಡೆ! ಇನ್ನೊಂದು!” ಅಂತ ಕೂಗುತ್ತ ಬೆವರಿದೆ. ಕಾರು ಬಂತು. ಓಡಿಹೋಗಿ ಬ್ಯಾಟರಿ ಬದಲಿಸಿ ಬಂದು, “ಈಗ ಬೆಳಕು ಚೆನ್ನಾಗಿದೆ, ಮೊದಲಿಂದ ತೆಗೆಯೋಣ” ಅಂದೆ.

ಹುಡುಗ ಕೈ ಮುಗಿದ. “ಬೇಡ ಸಾರ್, ಈಗ ತೆಗೆದ್ರಲ್ಲ, ಅಷ್ಟು ಚೆನ್ನಾಗಿ ಇನ್ನು ಬರಲ್ಲ. ಆಲ್ಬಮ್ಮಿಗೆ ಅವನ್ನೇ ಹಾಕ್ಬಿಡಿ.”

ಒಂದು ನಿಮಿಷ

ಮದುವೆಯ ದಿನ ಕಲ್ಯಾಣ ಮಂಟಪಕ್ಕೆ ಹೋದರೆ ಕೆಂಪು ಬೆಲ್ಟಿನವನು ನನಗಿಂತ ಮೊದಲೇ ನಿಂತಿದ್ದ. ಹುಡುಗನ ಕಡೆಯವರು ಕರೆಸಿದ್ದರು. “ಏನ್ಲಾ, ಬ್ಯಾಟರಿ ತಂದಿದೀಯಾ?” ಅಂದ. ಹಳೇಬೀಡಿನ ಸುದ್ದಿ ಇವನಿಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ.

ತಾಳಿ, ಧಾರೆ ಎಲ್ಲ ಸುಸೂತ್ರವಾಗಿ ಮುಗಿಯಿತು. ಕೊನೆಗೆ ಆ ಒಂದು ನಿಮಿಷ. ಮಧ್ಯದಲ್ಲಿ ಕುರ್ಚಿ, ಅದರಲ್ಲಿ ತಾತ. ಹಿಂದೆ ಐವರು ಮಕ್ಕಳು. ಮಾತು ಬಿಟ್ಟವರಲ್ಲಿ ಒಬ್ಬರು ಈ ತುದಿಗೆ, ಇನ್ನೊಬ್ಬರು ಆ ತುದಿಗೆ, ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಾ. “ಇಲ್ಲಿ ನೋಡಿ ಸಾರ್” ಅಂದೆ, ಕೇಳಲಿಲ್ಲ. ಗುಂಡಿ ಒತ್ತಿ ಹಿಡಿದೆ. ಸದ್ದಿಲ್ಲದೆ ಒಂದರ ಹಿಂದೊಂದು ಫೋಟೊ ಬೀಳುತ್ತಿತ್ತು, ಒಂದರಲ್ಲೂ ಎಲ್ಲರ ಮುಖ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ತಾತನ ಮುಖ ಕೆಂಪಾಯಿತು. ಆಮೇಲೆ ಇನ್ನೂ ಕೆಂಪಾಯಿತು. ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿತು, ತಲೆ ಪಕ್ಕಕ್ಕೆ ವಾಲಿತು.

“ಅಪ್ಪಾ!”

ಐವರೂ ಒಟ್ಟಿಗೆ ಎರಗಿದರು. ಆ ತುದಿಯವರು ತಲೆ ಹಿಡಿದರು, ಈ ತುದಿಯವರು ಹೆಗಲು. “ಗಟ್ಟಿಯಾಗಿ ಹಿಡ್ಕೊಳೋ!” “ಹಿಡ್ಕೊಂಡಿದೀನಿ ಕಣಣ್ಣಾ!” ಹೆಂಗಸರು ಅಳಲು ಶುರು ಮಾಡಿದರು. ನನಗೆ ಬೆರಳನ್ನು ಗುಂಡಿಯಿಂದ ತೆಗೆಯಬೇಕು ಅನ್ನುವುದೂ ಮರೆತುಹೋಗಿತ್ತು.

ಎದುರಂಗಡಿಯವನು ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದ. ತನ್ನ ಕ್ಯಾಮೆರಾವನ್ನು ತಾತನ ಕಿವಿಯ ಹತ್ತಿರ ಹಿಡಿದು ಒಂದೇ ಒಂದು ಸಲ ಒತ್ತಿದ.

ಟಕ್!

ತಾತ ಉಫ್ ಅಂತ ಉಸಿರು ಬಿಟ್ಟು ಕಣ್ಣು ತೆರೆದರು. “ಆಯ್ತಾ?”

ಅವರ ಕಾಲದ ಸ್ಟುಡಿಯೋಗಳಲ್ಲಿ, ಟಕ್ ಅನ್ನುವವರೆಗೆ ಉಸಿರು ಬಿಟ್ಟರೆ ಫೋಟೊ ಅಲ್ಲಾಡುತ್ತದೆ ಅಂತ ಹೇಳಿ ಕೂರಿಸುತ್ತಿದ್ದರಂತೆ. ಪಾಪ, ನನ್ನ ಕ್ಯಾಮೆರಾ ಟಕ್ ಅನ್ನಲೇ ಇಲ್ಲ, ಅವರು ಬಿಡಲೇ ಇಲ್ಲ!

ಆ ಐವರೂ ಮತ್ತೆ ಸಾಲಾಗಿ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡು ಮನೆಗೆ ಬಂದು ಕ್ಯಾಮೆರಾದಲ್ಲಿ ನೋಡಿದರೆ, ಮರೆತ ಬೆರಳು ಎಲ್ಲವನ್ನೂ ತೆಗೆದಿತ್ತು. ಒಂದರಲ್ಲಿ ಐವರು ಮಕ್ಕಳ ಹತ್ತು ಕೈಗಳೂ ಅಪ್ಪನ ಮೇಲಿವೆ. ಮಾತು ಬಿಟ್ಟ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ನನಗೇ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೊ, ತೆಗೆದದ್ದು ನನಗೇ ಗೊತ್ತಿರಲಿಲ್ಲ.

ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ಕೊಬ್ಬರಿ ವ್ಯಾಪಾರಿಗಳು ನೋಡಿ ನನ್ನ ಕೈ ಹಿಡಿದುಕೊಂಡು ನಿಂತುಬಿಟ್ಟರು. ತಾತ ಮಾತ್ರ ಕನ್ನಡಕ ಹಾಕಿಕೊಂಡು, ಫೋಟೊ ಹತ್ತಿರಕ್ಕೆ ಎಳೆದುಕೊಂಡು, ಒಬ್ಬೊಬ್ಬರನ್ನೇ ಬೆರಳಿಟ್ಟು ನೋಡಿದರು.

“ಹುಡುಗ್ರು ಎಲ್ಲಾರೂ ಚೆನ್ನಾಗ್ ಬಂದವ್ರೆ ಕಣಪ್ಪ. ನಾನೊಬ್ನೇ ಸತ್ತೋದಂಗೆ ಬಂದಿವ್ನಿ.”