ಎಮ್ಮೆಯ ಗೊಟ್ಟ

ಚಮನಸಾಬನ ಮನೆಯಲ್ಲಿ ಬಿಡುವಿಲ್ಲದ ದವಡೆಗಳು ಎರಡು. ಒಂದು ಎಮ್ಮೆಯದು, ಇನ್ನೊಂದು ಅವನದು. ಮೊನ್ನೆ ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟಿತು. ಹೊಟ್ಟೆ ಉಬ್ಬಿತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವರು ಅಜವಾನ, ಇಂಗು, ಬೆಲ್ಲ ಎಂದು ಮನೆಗೊಂದು ಮದ್ದು ತಂದು ಕುಡಿಸಿದರು. ಎಮ್ಮೆ ಎಲ್ಲರ ಮದ್ದನ್ನೂ ಕುಡಿದು ಯಾರ ಮರ್ಯಾದೆಯನ್ನೂ ಉಳಿಸಲಿಲ್ಲ.

ಎಮ್ಮೆ ಹೆಂಡತಿ ಅಬೇದಾಳ ತವರಿನದು, ಟಿಕೋಟಾದಿಂದ ಅವಳ ಹಿಂದೆಯೇ ನಡೆದು ಬಂದದ್ದು. "ಎಮ್ಮಿ ಹೋತಂದ್ರ ನಾನೂ ಟಿಕೋಟಾಕ್ಕ ಹೋಗಾಕಿ" ಎಂದಳು. ಅವಳು ಅಂದದ್ದನ್ನು ಮಾಡುವವಳು. ಚಮನಸಾಬ ಅಂದೇ ಬಸ್ಸು ಹಿಡಿದು ಅರಕೇರಿಗೆ ಹೋಗಿ, ದನದ ಮದ್ದು ಬಲ್ಲ ಮುದುಕ ಅಮಸಿದ್ದನ ಕಾಲು ಹಿಡಿದ.

"ಭೂತನಾಳದ ಕೆರಿ ಏರಿ ಮ್ಯಾಲ ಕೆಂಪು ದಂಟಿನ ಬಳ್ಳಿ ಐತಿ," ಎಂದ ಅಮಸಿದ್ದ. "ರಾತ್ರಿ ಇಲ್ಲೇ ಮಲಕೊಂಡು ಮುಂಜಾನಿ ಹರಕೊಂಡು ಹೋಗು. ಅರದು ಗೊಟ್ಟ ಹಾಕು. ಆದ್ರ ಹರದಾಗಿಂದ ರಸ ಗಂಟಲಾಗ ಇಳಿಯೂತನಾ ಒಂದು ಮಾತೂ ಆಡಬಾರದು. ಆಡಿದೆಂದ್ರ ಔಷಧದ ಗುಣ ಹೋತು."

ಗೊಟ್ಟವೆಂದರೆ ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ. ಅದು ಚಮನಸಾಬನ ಕೊಟ್ಟಿಗೆಯಲ್ಲೇ ತೂಗುತ್ತಿತ್ತು. ಚಿಂತೆ ಅದರದಲ್ಲ, ಬಾಯಿಯದು. ಧಾರವಾಡ ರೇಡಿಯೋಕ್ಕಿಂತ ಮೊದಲೇ ಓಣಿಗೆ ಸುದ್ದಿ ಮುಟ್ಟಿಸುವ ಮನುಷ್ಯನಿಗೆ ಬೆಂಕಿ ಹಾಯಿ ಎಂದಿದ್ದರೂ ಹಗುರಾಗುತ್ತಿತ್ತು. ಆದರೂ ಟಿಕೋಟಾ ಕಣ್ಣ ಮುಂದೆ ಬಂತು, ಒಪ್ಪಿಕೊಂಡ.

ಮುಂಜಾನೆ ಎಲೆಯ ಗಂಟು ಬಗಲಲ್ಲಿಟ್ಟುಕೊಂಡು, ತುಟಿ ಬಿಗಿಹಿಡಿದು ಓಣಿಗೆ ಬಂದ. ಕಿರಾಣಿ ಅಂಗಡಿಯ ಗುರಣ್ಣ ತಕ್ಕಡಿ ಎತ್ತಿದವನು ಕೇಳಿದ:

"ಏನ್ ಚಮನಸಾಬ, ಅರಕೇರಿ ಕಡೆ ಸುದ್ದಿ ಏನು?"

ಚಮನಸಾಬ ನೆಲ ನೋಡಿಕೊಂಡು ದಾಟಿದ. ಗುರಣ್ಣ ಗಿರಾಕಿಯ ಬೆಲ್ಲವನ್ನು ಅಲ್ಲೇ ಬಿಟ್ಟು ಹಿಂದೆ ಓಡಿ ಬಂದ. ಮನೆ ಮುಟ್ಟುವುದರೊಳಗೆ ಅರ್ಧ ಓಣಿ ಬೆನ್ನಿಗಿತ್ತು. ಪಕ್ಕದ ಮನೆಯ ಪರಸವ್ವ ಕಸಬರಿಗೆ ಹಿಡಿದುಕೊಂಡೇ ಅವನ ಮುಖ ನೋಡಿದಳು.

"ಅಯ್ಯ ಶಿವನ, ಬಾಯಿ ಬಿದ್ದೈತಿ ಇವಂದು. ನಮ್ಮ ಮಾವಗ ಲಕ್ವಾ ಹೊಡದಾಗ ಹಿಂಗ ಆಗಿತ್ತು."

ಅಬೇದಾ ಹೊರಗೆ ಬಂದಳು. "ಏನಾತ್ರಿ? ಮಾತಾಡ್ರಿ." ಚಮನಸಾಬ ಎಲೆ ತೋರಿಸಿದ, ಗಂಟಲು ತೋರಿಸಿದ, ಕೊಟ್ಟಿಗೆಯ ಕಡೆ ಕೈ ಮಾಡಿದ.

"ತಿಳೀತು," ಎಂದ ಗುರಣ್ಣ. "ಅಮಸಿದ್ದ ಇವಗ ಔಷಧ ಕೊಟ್ಟು ಕಳಿಸ್ಯಾನ. ಗಂಟಲಕ್ಕ ಹಾಕಬೇಕಂತ. ಗೊಟ್ಟ ಕೊಟ್ಟಿಗ್ಯಾಗ ಐತಂತ."

ಚಮನಸಾಬ ಜೋರಾಗಿ ತಲೆ ಅಲ್ಲಾಡಿಸಿದ.

"ನೋಡ್ರಿ, ತಲೀನೂ ನಡಗಾಕತ್ತೈತಿ," ಎಂದಳು ಪರಸವ್ವ. ಎಲೆ ಕಸಿದುಕೊಂಡು ಒರಳಿಗೆ ಹಾಕಿದಳು. "ಭೂತನಾಳದ ಏರಿ ಮ್ಯಾಲಿನ ಬಳ್ಳಿ ಅಲ್ಲೇನು ಇದು?"

ನಾಲ್ವರು ಅವನನ್ನು ಕೆಡವಿ ಹಿಡಿದರು. ಅಬೇದಾ ಅಳುತ್ತಿದ್ದಳು. "ಎಮ್ಮಿ ಹೋದ್ರ ಹೋಗ್ಲಿ, ಇವರ ಬಾಯಿ ಬಂದ್ರ ಸಾಕು." ಮದುವೆಯಾದಾಗಿನಿಂದ ಇಂಥ ಮಾತಿಗೆ ಹಂಬಲಿಸಿದವನು ಚಮನಸಾಬ. ಅವನ ಕಣ್ಣು ತುಂಬಿದವು. ಆಗಲೂ ಅವನು ತುಟಿ ಬಿಚ್ಚಲಿಲ್ಲ, ಗುಣ ಹೋದೀತೆಂದು. ಗೊಟ್ಟ ಹಲ್ಲಿನ ನಡುವೆ ನುಗ್ಗಿತು. ಎಮ್ಮೆಯ ಅಳತೆಯ ರಸ ಪೂರ್ತಿ ಇಳಿಯಿತು.

"ಅದು ಎಮ್ಮೀದ್ರಪಾ," ಎಂದು ಚಮನಸಾಬ ಕೆಮ್ಮಿದ.

ಅವನು ಏನಂದನೆಂದು ಯಾರೂ ಕೇಳಲಿಲ್ಲ. ಅಂದನಲ್ಲ, ಅಷ್ಟೇ ಸಾಕಾಯಿತು. ಮೂಕನ ಬಾಯಿ ಬಿಡಿಸುವ ಬಳ್ಳಿ ಭೂತನಾಳದ ಏರಿಯ ಮೇಲಿದೆ ಎಂಬ ಸುದ್ದಿ ವಿಜಾಪುರದ ತುಂಬ ಹರಿಯಿತು. ತೊದಲುವವರು, ಸೊಟ್ಟ ಬಾಯಿಯವರು, ಮಾತು ಬಿಟ್ಟ ಸೊಸೆಯಂದಿರ ಅತ್ತೆಯರು ಟಾಂಗಾ ಕಟ್ಟಿಸಿಕೊಂಡು ಹೋದರು. ಮಧ್ಯಾಹ್ನ ಕಹಿ ಬಾಯಿ ಹೊತ್ತು ಚಮನಸಾಬ ಮತ್ತೆ ಏರಿ ಹತ್ತಿದಾಗ ಬೇರು ಕಿತ್ತ ಕುಳಿಗಳಷ್ಟೇ ಇದ್ದವು. ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಅತ್ತ.

ಸಂಜೆ ಅಮಸಿದ್ದ ಎಮ್ಮೆ ನೋಡಲೆಂದು ಬಂದ. ಅವನೂ ಏರಿಯ ಮೇಲಿಂದಲೇ ಬಂದಿದ್ದ.

"ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ಲೋ ಯಪ್ಪಾ." ಚಮನಸಾಬ ಪರಸವ್ವನ ಕಡೆ ನೋಡಿದ. ಅವಳು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸತೊಡಗಿದಳು.

ಅಮಸಿದ್ದ ಅವನನ್ನು ಕೊಟ್ಟಿಗೆಗೆ ಎಳೆದೊಯ್ದ. "ಮಾತಾಡಿದ್ರ ಗುಣ ಹೋಗತೈತಿ ಅನ್ನೂದು ಸುಳ್ಳು. ಹ್ವಾದ ವರ್ಷ ಆಡಿನ ಕೆಮ್ಮಿನ ಗಿಡ ನಿನಗ ತೋರಿಸಿದ್ದೆ. ನೀ ಊರಿಗೆಲ್ಲಾ ಹೇಳಿದಿ, ಮಂದಿ ಬೇರು ಸೈತ ಕಿತ್ತೊಯ್ದರು. ಅದಕ್ಕ ನಿನ್ನ ಬಾಯಿ ಕಟ್ಟಿದ್ದೆ."

ಚಮನಸಾಬ ಸಗಣಿಯ ಮೇಲೆಯೇ ಕುಸಿದು ಕೂತ. ಗೊಟ್ಟ ಬಾಯಿಗೆ ಬರುವ ಮೊದಲು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದು ಅದೊಂದೇ ಮುಂಜಾನೆ. ಗಂಡನ ಬಾಯಿ ಬಂದಿತ್ತು, ಎಮ್ಮೆಯ ಹೊಟ್ಟೆ ಮಾತ್ರ ಇಳಿದಿರಲಿಲ್ಲ; ಒಳಗೆ ಅಬೇದಾ ಟಿಕೋಟಾಕ್ಕೆಂದು ಸೀರೆಗಳನ್ನು ಗಂಟು ಕಟ್ಟುವ ಸದ್ದು ಕೇಳುತ್ತಿತ್ತು.

"ಏಳು," ಎಂದು ಅಮಸಿದ್ದ ಕಿವಿಯಲ್ಲಿ ಹೇಳಿದ. "ಇನ್ನ ಆ ಬಳ್ಳಿ ಇರೂದು ಬಬಲೇಶ್ವರದ ಹಳ್ಳದ ದಂಡಿಗೆ ಅಷ್ಟ. ಎಮ್ಮಿ ನಾಳಿತನಾ ತಡೀತೈತಿ. ರಾತ್ರಿ ಬಸ್ಸಿಗೆ ಹೋಗು. ನೀ ಬಾಯಿ ತಗದೆಂದ್ರ ಎಲ್ಲಾ ಹೊರಗ ಬೀಳತೈತಿ. ಬಸ್ಸು ಹತ್ತೂತನಾ ತುಟಿ ಪಿಟಕ್ಕನಬ್ಯಾಡ. ನನ್ನ ಆಣಿ ಐತಿ."

ಚಮನಸಾಬ ತುಟಿ ಕಚ್ಚಿಕೊಂಡು ಹೊರಗೆ ಬಂದ. ಅಂಗಳದಲ್ಲಿ ಗುರಣ್ಣ ನಿಂತಿದ್ದ.

"ಎತ್ತ ಹೊಂಟಿ, ಚಮನಸಾಬ?"

ಚಮನಸಾಬ ನೆಲ ನೋಡಿಕೊಂಡು ದಾಟಿದ.

"ಅಯ್ಯ, ಮತ್ತ ಬಾಯಿ ಬಿತ್ತು ಇವಂದು," ಎಂದಳು ಪರಸವ್ವ. "ಹಿಡೀರಿ ಅವನ್ನ. ಎಲಿ ಇಲ್ಲಂದ್ರ ಏನಾತು, ನಮ್ಮ ಮನ್ಯಾಗ ಬೇವಿನೆಣ್ಣಿ ಐತಿ."

ಸೀರೆಯ ಗಂಟನ್ನು ಅಲ್ಲೇ ಬಿಸಾಡಿ, ಗೊಟ್ಟ ತರಲು ಎಲ್ಲರಿಗಿಂತ ಮೊದಲು ಓಡಿದವಳು ಅಬೇದಾ.