ಬೇಕೆಂದೇ ಬಿಟ್ಟ ತಪ್ಪುಗಳು

ಲೊಚ್! ಹಲ್ಲಿಯಲ್ಲ, ನಾಗವೇಣಮ್ಮ. ನನ್ನ ಲೇಖನದಲ್ಲಿ ತಪ್ಪು ಸಿಕ್ಕಿದಾಗಲೆಲ್ಲ ಅವರ ನಾಲಿಗೆ ಹೀಗೆ ಸದ್ದು ಮಾಡುತ್ತಿತ್ತು. ಸಣ್ಣ ತಪ್ಪಿಗೆ ಒಂದು ಲೊಚ್, ದೊಡ್ಡದಕ್ಕೆ ಎರಡು. ಕನ್ನಡಕ ತೆಗೆದು ನನ್ನನ್ನೇ ನೋಡಿದರೆಂದರೆ ಆ ಪ್ಯಾರಾ ಇಡೀ ಹೋಯಿತೆಂದೇ ಅರ್ಥ. ಒಬ್ಬಳೇ ಇರುವ ಮನೆಯಲ್ಲಿ ಸದ್ದೆಂದರೆ ಎಷ್ಟಿರುತ್ತದೆ? ಫ್ರಿಡ್ಜ್ ಗೊರ್ರೆನ್ನುತ್ತದೆ, ಕೆಳಗಿನ ಬೇಕರಿಯವರು ಶಟರ್ ಎಳೆಯುತ್ತಾರೆ. ಕನ್ಫೆಸ್ ಮಾಡಿಬಿಡುತ್ತೇನೆ: ಗುರುವಾರದ ಆ ಲೊಚ್‌ಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಕಲಿಸಿದ್ದು ಇಂಗ್ಲಿಷು, ಕ್ರೋಶಾ, ಮತ್ತೆ ಯಾರಿಗೂ ತೊಂದರೆ ಕೊಡದೆ ಇರುವುದು. ಕೊನೆಯದನ್ನು ಸ್ವಲ್ಪ ಟೂ ವೆಲ್ ಕಲಿತೆ. ಎಸ್ಟೇಟ್ ಆಫೀಸಿನಲ್ಲಿ ಆಯುಷ್ಯವೆಲ್ಲ ಲೆಟರ್ ಟೈಪ್ ಮಾಡಿ ರಿಟೈರ್ ಆದ ಮೇಲೆ, ಮೂಡಿಗೆರೆಯ ಈ ಮಹಡಿ ಮನೆಯಲ್ಲಿ ಕೂತು ಚಿಕ್ಕಮಗಳೂರಿನ ಒಂದು ವಾರಪತ್ರಿಕೆಗೆ ಫ್ರೀಲಾನ್ಸ್ ಬರೆಯತೊಡಗಿದೆ. ಮೊದಲ ಲೇಖನ ನೋಡಿದ ಸಂಪಾದಕರು ಫೋನ್ ಮಾಡಿದರು. "ಮೇಡಂ, ಮ್ಯಾಟರ್ ಚೆನ್ನಾಗಿದೆ. ಆದ್ರೆ ಓದ್ತಾ ಇದ್ರೆ ಲೀವ್ ಲೆಟರ್ ಓದಿದ ಹಾಗಾಗುತ್ತೆ. ಬಾಳೂರಲ್ಲಿ ತಂಗಿ ಮಗಳ ಮನೇಲಿ ನಾಗವೇಣಮ್ಮ ಅಂತ ಇದ್ದಾರೆ, ನಮ್ಮ ಹಳೇ ಪ್ರೂಫ್ ರೀಡರ್. ಅವ್ರಿಗೊಂದ್ಸಲ ತೋರ್ಸಿ."

ಮುಂದಿನ ಗುರುವಾರ ನಾಗವೇಣಮ್ಮ ಹತ್ತು ಗಂಟೆಯ ಬಸ್ಸಿಗೆ ಬಂದರು. ಕೊಡೆ ಮಡಚುವ ಮೊದಲೇ ಕಾಗದ ಕೇಳಿದರು.

"ಏನ್ರೀ ಕಾನ್ವೆಂಟಮ್ಮ, ಸೂರ್ಯೋದಯದ ರಮಣೀಯತೆ ಅಂತೆ. ನೀವು ಏಳೋದು ಎಷ್ಟ್ ಗಂಟೆಗೆ?"

"ಎಂಟಕ್ಕೆ."

"ಅಲ್ಲೀವರೆಗೂ ಸೂರ್ಯ ನಿಮ್ಮನ್ನ ಕಾಯ್ತಾ ಕೂತಿದ್ನಾ ಮಾರಾಯ್ರೆ? ಹೊಡೆದು ಹಾಕಿ ಅದನ್ನ."

ಹೊಡೆದು ಹಾಕಿದೆ. ಆಮೇಲೆ ಪ್ರತಿ ಗುರುವಾರ ಬಂದು, ಬರೆದದ್ದನ್ನು ಜೋರಾಗಿ ಓದಿಸುತ್ತಿದ್ದರು. ನನಗೆ ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯವನ್ನು ಮುರಿಯುತ್ತಿದ್ದರು. ಐದು ಪುಟ ಮೂರಾಗುತ್ತಿತ್ತು. ಅಷ್ಟರಲ್ಲಿ ಒಂದು ಗಂಟೆಯ ಬಸ್ಸಿನ ಹೊತ್ತಾಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು, ಮತ್ತೆ ಆಗಬಾರದ್ದು ಆಯಿತು: ನಾನು ಸುಧಾರಿಸಿದೆ. ಒಂದು ಗುರುವಾರ ಇಡೀ ಲೇಖನಕ್ಕೆ ಒಂದೂ ಲೊಚ್ ಇಲ್ಲ. "ಪಾಸ್ ಕಣ್ರೀ!" ಎಂದು ಅರ್ಧ ಲೋಟ ಕಾಫಿ ಹಾಗೇ ಬಿಟ್ಟು ಹನ್ನೊಂದರ ಬಸ್ಸಿಗೆ ಹೊರಟೇಹೋದರು. ಮಿಕ್ಕ ದಿನವೆಲ್ಲ ನಾನೂ ಫ್ರಿಡ್ಜೂ.

ಮುಂದಿನ ವಾರ, ಮೊದಲ ಪ್ಯಾರಾದಲ್ಲಿ ತೀರಿಕೊಂಡಿದ್ದ ನಮ್ಮತ್ತೆಯಿಂದ ನಾಲ್ಕನೇ ಪ್ಯಾರಾದಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕಿಸಿದೆ. ಲೊಚ್ ಲೊಚ್! "ಎದ್ದು ಬಂದ್ರಾ ನಿಮ್ಮತ್ತೆ? ಭರಣಿ ತೊಳೆದಿದ್ಯಾರು?" ಮಾತು ಅತ್ತೆಯಿಂದ ಅವರ ಅತ್ತೆಗೆ ಹೋಗಿ, ಒಂದು ಗಂಟೆಯ ಬಸ್ಸೂ ತಪ್ಪಿಹೋಯಿತು. ಅದರ ಮುಂದಿನ ವಾರ ದೀಪಾವಳಿಗೆ ಕಾಫಿ ಹೂವು ಅರಳಿಸಿದೆ. "ತೋಟದ ಊರಲ್ಲಿ ಹುಟ್ಟಿ ಹೀಗೆ ಬರೀತೀರಲ್ರೀ, ಹೂವರಳಿಸೋ ಬ್ಲಾಸಮ್ ಮಳೆ ಬೀಳೋದು ಯುಗಾದಿ ಹೊತ್ತಿಗಲ್ವಾ?" ಎಂದು ಬೈಯುತ್ತ ಬೈಯುತ್ತ ಊಟವನ್ನೂ ಮಾಡಿದರು. ಸಂಪಾದಕರಿಗೆ ಹೋಗುತ್ತಿದ್ದದ್ದು ಕ್ಲೀನ್ ಕಾಪಿಯೇ. ಆದರೆ ಲೇಖನ ಬರೆಯಲು ಒಂದು ದಿನ ಸಾಕಾದರೆ, ಅದರಲ್ಲಿ ಸಹಜವಾಗಿ ಕಾಣುವಂಥ ತಪ್ಪು ಕೂರಿಸಲು ಎರಡು ದಿನ ಬೇಕಾಗುತ್ತಿತ್ತು.

ಕಳೆದ ವರ್ಷ ಒಂದು ಬುಧವಾರ ಅವರ ಫೋನ್ ಬಂತು. ತಂಗಿ ಮಗಳ ಗಂಡನಿಗೆ ಬಳ್ಳಾರಿ ಕಡೆಗೆ ಟ್ರಾನ್ಸ್‌ಫರ್ ಆಗಿದೆ, ಅವರ ಜೊತೆ ನಾನೂ ಹೊರಡುತ್ತಿದ್ದೇನೆ, ನಾಳೆ ಕೊನೆಯ ಸಲ ಬರುತ್ತೇನೆ ಎಂದರು. ಫೋನಿಟ್ಟು ಲೇಖನದ ಮುಂದೆ ಕೂತೆ. ಹನ್ನೊಂದು ತಪ್ಪು ಕೂರಿಸಿದೆ. ಸಂಜೆ ನಾಲ್ಕೂವರೆಯ ಬಸ್ಸಿನವರೆಗೆ ಸಾಕೆಂದು ನನ್ನ ಅಂದಾಜು.

ಅವರು ಬಂದು ಕೂತರು. ಕಾಗದ ತೊಡೆಯ ಮೇಲಿತ್ತು, ಪೆನ್ನು ಮಾತ್ರ ಚೀಲದಿಂದ ಹೊರಗೆ ಬರಲಿಲ್ಲ.

"ಎಷ್ಟು ಹಾಕಿದ್ದೀರಿ?"

"ಏನು?"

"ತಪ್ಪು."

ಸಿಸ್ಟರ್ ಎದುರು ಸಿಕ್ಕಿಬಿದ್ದವಳ ಹಾಗೆ, "ಹನ್ನೊಂದು," ಎಂದೆ.

"ಸತ್ತೋರು ಉಪ್ಪಿನಕಾಯಿ ಹಾಕಿದ ದಿವ್ಸಾನೇ ಗೊತ್ತಾಯ್ತು ನಂಗೆ. ಕೂತ್ಕೊಳ್ಳಿ ಅಂದಿದ್ರೆ ಕೂತ್ಕೊಳ್ತಿರ್ಲಿಲ್ವೇನ್ರೀ? ಹೋಗಿ, ಕಾಫಿ ತನ್ನಿ."

ನಾನು ಒಳಗೆ ಹೋಗಿ, ಕಣ್ಣೊರೆಸಿಕೊಂಡು, ಹಾಲು ಉಕ್ಕಿಸಿ, ಒಲೆ ಒರೆಸಿ ಕಾಫಿ ತರುವಷ್ಟರಲ್ಲಿ ಅವರು ಕಾಗದ ಓದಿ ಮಡಚಿ ಟೀಪಾಯಿಯ ಮೇಲಿಟ್ಟಿದ್ದರು. ಒಂದು ತಪ್ಪನ್ನೂ ತಿದ್ದದೆ ನಾಲ್ಕೂವರೆಯವರೆಗೆ ಕೂತರು. ಏನು ಮಾತಾಡಿದೆವೋ, ಕೇಳಿದರೆ ಹೇಳಲಾರೆ.

ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಬಸ್ಸು ಹೊರಟ ಮೇಲೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಕಾನ್ವೆಂಟಮ್ಮ, ಹನ್ನೊಂದಲ್ಲ ಕಣ್ರೀ, ಹನ್ನೆರಡು!"

ನಾನು ಹಾಕಿದ್ದು ಹನ್ನೊಂದೇ. ದೇವರಾಣೆಗೂ ಹನ್ನೊಂದೇ. "ಎಲ್ಲಿ? ಯಾವ ಪ್ಯಾರಾದಲ್ಲಿ?" ಎಂದು ಕೂಗುತ್ತ, ಸೆರಗು ಹಿಡಿದುಕೊಂಡು, ಈ ವಯಸ್ಸಿನಲ್ಲಿ ಬಸ್ಸಿನ ಹಿಂದೆ ಓಡಿದೆ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನೋಡುತ್ತಿತ್ತು. ನಾಗವೇಣಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.